ಆಟದ ಫೋಟೊ: ಮೂವತ್ತಾರರ ಲೆಕ್ಕ ಕಲಿತವನು ಹೇಳುವ ಸೆಟ್ಟಿಂಗು

ಯಕ್ಷಗಾನಕ್ಕೆ ನಮ್ಮ ಬದಿಯಲ್ಲಿ ಆಟ ಎನ್ನುತ್ತಾರೆ. ಆಟದ ಗದ್ದೆಯಲ್ಲಿ ನಾನು ಕ್ಯಾಮೆರಾ ಹಿಡಿದು ಕೂತರೆ ಅರ್ಧ ಗಂಟೆಯೊಳಗೆ ಯಾರಾದರೊಬ್ಬ ಹುಡುಗ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂರುತ್ತಾನೆ. ಸ್ವಲ್ಪ ಹೊತ್ತು ನನ್ನ ಸ್ಕ್ರೀನಿಗೆ ಇಣುಕುತ್ತಾನೆ. ಆಮೇಲೆ ಪ್ರಶ್ನೆ: "ಸೆಟ್ಟಿಂಗ್ ಎಂತ ಮಾರಾಯ್ರೆ?"

ಚೆಂಡೆಯ ಅಬ್ಬರದ ನಡುವೆ ಕಿವಿಗೆ ಬಾಯಿಟ್ಟು ಎಷ್ಟು ಹೇಳಲಿಕ್ಕಾಗುತ್ತದೆ? "ಐಎಸ್‌ಒ ಎರಡೂವರೆ ಸಾವಿರ, ಎರಡು ಪಾಯಿಂಟ್ ಎಂಟು, ಮುನ್ನೂರ ಇಪ್ಪತ್ತು" ಎಂದು ಕಳಿಸುತ್ತೇನೆ. ಮೊದಲನೆಯದ್ದು ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದು, ಎರಡನೆಯದ್ದು ಲೆನ್ಸಿನ ಬಾಯಿಯ ಎಫ್ ಸಂಖ್ಯೆ (ಸಂಖ್ಯೆ ಸಣ್ಣದಾದಷ್ಟು ಬಾಯಿ ದೊಡ್ಡದು), ಮೂರನೆಯದ್ದು ಶಟರ್ ವೇಗ, ಅಂದರೆ ಸೆಕೆಂಡಿನ 1/320 ಭಾಗ. ಆ ಮೂರು ಅಂಕೆ ಹಾಕಿಕೊಂಡು ಹೋದವನ ಫೋಟೊ ಮರುದಿನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕಾಣುತ್ತದೆ. ವೇಷದ ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗೆ, ದೇವಿಯ ಸೀರೆ ಕೆಂಪು ಕೆಸರು. ಅರ್ಧ ಉತ್ತರ ಕೊಟ್ಟು ಕಳಿಸಿದ ತಪ್ಪು ನನ್ನದೇ. ಉಳಿದರ್ಧ ಇಲ್ಲಿ ಬರೆದಿದ್ದೇನೆ.

ನಾನು 1985ರಲ್ಲಿ ಉಡುಪಿಯ ಒಂದು ಸ್ಟುಡಿಯೋಕ್ಕೆ ಡಾರ್ಕ್‌ರೂಮಿನ ಕೆಲಸಕ್ಕೆ ಸೇರಿದವ. ಮೊದಲ ವರ್ಷ ನನ್ನ ಮುಖ್ಯ ಉದ್ಯೋಗ ಐಸು ತರುವುದು. ಕಪ್ಪುಬಿಳುಪು ಫಿಲ್ಮಿನ ಡೆವಲಪರ್ 20 ಡಿಗ್ರಿಯಲ್ಲಿ ಇರಬೇಕು. ನಮ್ಮ ಬಾವಿ ನೀರು ಏಪ್ರಿಲಿನಲ್ಲಿ 28ರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಮಲ್ಪೆಯಿಂದ ಮೀನಿನ ಐಸು ಗೋಣಿಯಲ್ಲಿ ಸುತ್ತಿ, ಸೈಕಲ್ ಕ್ಯಾರಿಯರಿಗೆ ಕಟ್ಟಿ ಹೊರಟರೆ ಉಡುಪಿ ಮುಟ್ಟುವಾಗ ಅರ್ಧ ನೀರು. ಉಳಿದದ್ದನ್ನು ತೊಟ್ಟಿಗೆ ಹಾಕಿ, ಅದರೊಳಗೆ ಡೆವಲಪರ್ ಬಾಟಲಿ ಇಳಿಸಿ, ಥರ್ಮಾಮೀಟರ್ ನೋಡುತ್ತ ಕೂರುವುದು. ನಮ್ಮ ಡಾರ್ಕ್‌ರೂಮಿಗೆ ಹೈಪೋ ಎಂಬ ಕೆಮಿಕಲ್ಲಿನ ವಾಸನೆಯ ಜೊತೆ ಬಂಗುಡೆ ವಾಸನೆಯೂ ಇತ್ತು.

ಒಂದು ರೋಲಿಗೆ 36 ಫೋಟೊ. ಆಟಕ್ಕೆ ಹೋಗುವಾಗ ಎರಡು ರೋಲು: ಒಂದು ಆರ್ಡರು ಕೊಟ್ಟವರ ಖರ್ಚಿನದ್ದು, ಇನ್ನೊಂದು ನನ್ನ ಕಿಸೆಯದ್ದು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ 72 ಫೋಟೊ. ಅಂದರೆ ಗಂಟೆಗೆ ಎಂಟು. ಕಥೆಗೆ ಮೊದಲಿನ ಪೂರ್ವರಂಗದಲ್ಲಿ ಕೈ ತುರಿಸಿ ಹತ್ತು ಹೊಡೆದರೆ ಬೆಳಗಿನ ಜಾವದ ಯುದ್ಧಕ್ಕೆ ರೋಲು ಇಲ್ಲ. ಹಾಗಾಗಿ ಪ್ರಸಂಗ, ಅಂದರೆ ಅವತ್ತಿನ ಆಟದ ಕಥೆ, ಗೊತ್ತಿಲ್ಲದೆ ಆಟಕ್ಕೆ ಹೋಗುವ ಹಾಗಿರಲಿಲ್ಲ. ಯಾವ ಪದ್ಯ ಮುಗಿದ ಕೂಡಲೇ ಯಾರು ಬರುತ್ತಾರೆ, ಪದ್ಯ ಹಾಡುವ ಭಾಗವತರು ಯಾವಾಗ ತಾಳ ಬದಲಿಸುತ್ತಾರೆ, ಇದೆಲ್ಲ ಫೋಟೊಗ್ರಾಫರನಿಗೂ ಬಾಯಿಪಾಠ ಇರಬೇಕಿತ್ತು.

ಇನ್ನೊಂದು ಭಯವೂ ಇತ್ತು. ಒಮ್ಮೆ ರಾತ್ರಿಯಿಡೀ ಹೊಡೆದೆ. ಲಿವರ್ ಎಳೆಯುತ್ತಿದ್ದೇನೆ, ಕೌಂಟರು 35, 36 ತೋರಿಸಿತು, ಸರಿ. ಮತ್ತೆ 37, 38, 39 ಎಂದು ಮುಂದೆ ಹೋಯಿತು. ಎದೆ ಧಸಕ್ಕೆಂದಿತು. ಫಿಲ್ಮಿನ ತುದಿ ಒಳಗೆ ಹಲ್ಲಿಗೆ ಸಿಕ್ಕಿಯೇ ಇರಲಿಲ್ಲ. ಇಡೀ ರಾತ್ರಿ ಹೊಡೆದದ್ದು ಗಾಳಿಗೆ. ಅಂದಿನಿಂದ ರೋಲು ಹಾಕಿದ ಮೇಲೆ ರೋಲು ವಾಪಸು ಸುತ್ತುವ ಎಡಗಡೆಯ ಗುಬ್ಬಿ ತಿರುಗುತ್ತದಾ ಎಂದು ನೋಡದೆ ಎರಡನೇ ಫೋಟೊ ಹೊಡೆದವನಲ್ಲ.

ಡಿಜಿಟಲ್ ಎಂಬ ಮಾತು ನಮ್ಮ ಬದಿಗೆ ಬರುವ ಎಷ್ಟೋ ಮೊದಲು, 1975ರಲ್ಲಿ, ಕೊಡಕ್ ಕಂಪೆನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ್ದರು. 0.01 ಮೆಗಾಪಿಕ್ಸೆಲ್ಲಿನ ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತಂತೆ. 23 ಸೆಕೆಂಡಿನಲ್ಲಿ ತೆಂಕಿನ (ದಕ್ಷಿಣದ ಶೈಲಿಯ) ಒಳ್ಳೆಯ ಪುಂಡುವೇಷಧಾರಿ, ಅಂದರೆ ಎಳೆಯ ವೀರನ ಪಾತ್ರದವ, ರಂಗಸ್ಥಳಕ್ಕೆ ಒಂದು ಸುತ್ತು ದಿಗಿಣ (ಗಾಳಿಯಲ್ಲಿ ಸುತ್ತುವ ಜಿಗಿತ) ಹಾಕಿ ಮುಗಿಸಿರುತ್ತಾನೆ! ನನ್ನ ಕೈಗೆ ಡಿಜಿಟಲ್ ಸಿಕ್ಕಿದ್ದು 2005ರಲ್ಲಿ: ಸೆಕೆಂಡ್‌ಹ್ಯಾಂಡ್ ನಿಕಾನ್ ಡಿ70. 6 ಮೆಗಾಪಿಕ್ಸೆಲ್, ಐಎಸ್‌ಒ ಎಷ್ಟು ಏರಿಸಿದರೂ 1600ಕ್ಕೆ ನಿಲ್ಲುತ್ತಿತ್ತು. ನನಗೆ ಆಗ ಅದೇ ಸ್ವರ್ಗ.

ಆ ಕ್ಯಾಮೆರಾ ಹಿಡಿದು ಹೋದ ಮೊದಲ ಆಟ ಕಟೀಲು ದೇವಸ್ಥಾನದ ಮೇಳದ (ಆಟದ ತಂಡದ) ಒಂದು ಹರಕೆ ಆಟ, ಪ್ರಸಂಗ ದೇವಿಮಹಾತ್ಮೆ. ಲೆಕ್ಕ ಇಲ್ಲದ ಸಂತೋಷಕ್ಕೆ ಸಿಕ್ಕಿದ್ದಕ್ಕೆಲ್ಲ ಹೊಡೆದೆ. ಹೊಡೆದದ್ದನ್ನೆಲ್ಲ ಸ್ಕ್ರೀನಿನಲ್ಲಿ ನೋಡಿದೆ, ದೊಡ್ಡದು ಮಾಡಿ ನೋಡಿದೆ, ಪಕ್ಕದವರಿಗೆ ತೋರಿಸಿದೆ. ಮಹಿಷಾಸುರ ಬರುವ ಹೊತ್ತು ನನಗೆ ಗೊತ್ತು, ಇಪ್ಪತ್ತು ವರ್ಷದಿಂದ ಗೊತ್ತು. ಆದರೂ ಆ ಕ್ಷಣಕ್ಕೆ ನಾನು ತಲೆ ಬಗ್ಗಿಸಿ ಹಿಂದಿನ ದೃಶ್ಯದ ಫೋಟೊ ಶಾರ್ಪ್ ಬಂತಾ ಎಂದು ನೋಡುತ್ತಿದ್ದೆ. ಬೆನ್ನ ಹಿಂದೆ ಜನ ಹೋ ಎಂದರು. ತಿರುಗಿದರೆ ದೊಂದಿಯ ಬೆಂಕಿ ಆಗಲೇ ನನ್ನನ್ನು ದಾಟಿ ಮುಂದೆ ಹೋಗಿದೆ. ಕಂಡದ್ದು ಮಹಿಷನ ಬೆನ್ನು. 72 ಫೋಟೊ ಹೊಡೆಯುತ್ತಿದ್ದಾಗ ಒಮ್ಮೆಯೂ ತಪ್ಪದ್ದು 400 ಹೊಡೆದ ರಾತ್ರಿ ತಪ್ಪಿತು. ಹಾಗಾಗಿ ನನ್ನ ಮೊದಲ ಸೆಟ್ಟಿಂಗು ಇದು: ಮೆನುವಿಗೆ ಹೋಗಿ, ಫೋಟೊ ಹೊಡೆದ ಕೂಡಲೇ ತೋರಿಸುವ ವ್ಯವಸ್ಥೆಯನ್ನು ಆಫ್ ಮಾಡಿ. ಬೆಳಕು ಸರಿ ಉಂಟಾ ಎಂದು ನೋಡುವುದು ಬೇರೆ, ಅದಕ್ಕೆ ಪದ್ಯಗಳ ನಡುವೆ ಸಮಯ ಸಿಗುತ್ತದೆ. ಹೊಡೆದದ್ದನ್ನು ಸವಿಯುವುದು ಮನೆಗೆ ಹೋದ ಮೇಲೆ.

ಹೊರಡುವ ಮೊದಲು

ಪ್ರಸಂಗ ಯಾವುದೆಂದು ಕೇಳಿಕೊಳ್ಳಿ. ಕಥೆ ಗೊತ್ತಿಲ್ಲದಿದ್ದರೆ ಮನೆಯಲ್ಲಿ ಹಿರಿಯರನ್ನು ಕೇಳಿ. ಯೂಟ್ಯೂಬಿನಲ್ಲಿ ಅದೇ ಪ್ರಸಂಗದ ಆಟ ಸಿಕ್ಕಿದರೆ ವೇಷಗಳು ಎಲ್ಲಿಂದ ಬರುತ್ತವೆ, ಎಲ್ಲಿ ಕುಣಿತ ಏರುತ್ತದೆ ಎಂದು ಓಡಿಸಿ ನೋಡಿ. ಆ ಕಾಲದಲ್ಲಿ ನನಗೆ ಸಿಗದ ಅನುಕೂಲ ಇದು, ಬಿಡಬೇಡಿ.

ಕ್ಯಾಮೆರಾದ ಗಡಿಯಾರ ಸರಿ ಮಾಡಿ. ಪ್ರತಿ ಫೋಟೊದ ಒಳಗೆ ದಿನ, ಗಂಟೆ, ಲೆನ್ಸು, ವೇಗ ಎಲ್ಲ ತಾನಾಗಿ ದಾಖಲಾಗುತ್ತದೆ. ಗಡಿಯಾರ ತಪ್ಪಿದ್ದರೆ ಐದು ವರ್ಷದ ನಂತರ ಯಾವ ಆಟ ಯಾವುದೆಂದು ದೇವರಿಗೂ ಗೊತ್ತಾಗುವುದಿಲ್ಲ. ಮತ್ತೆ, ಕಾರ್ಡ್ ಇಲ್ಲದಿದ್ದರೂ ಶಟರ್ ಬೀಳುವ ಹಾಗೆ ಒಂದು ಆಯ್ಕೆ ಹೆಚ್ಚಿನ ಕ್ಯಾಮೆರಾಗಳ ಮೆನುವಿನಲ್ಲಿ ಉಂಟು. ಅಂಗಡಿಯಲ್ಲಿ ಗಿರಾಕಿಗೆ ತೋರಿಸಲಿಕ್ಕೆ ಅನುಕೂಲ, ನಮಗೆ ಗಂಡಾಂತರ. ಅದನ್ನು ಬಂದ್ ಮಾಡಿ. ಹಲ್ಲಿಗೆ ಸಿಗದ ರೋಲಿನ ಹೊಸ ಅವತಾರ ಅದು.

ಕಾರ್ಡ್ ಫಾರ್ಮ್ಯಾಟ್ ಮಾಡುವುದು ಮನೆಯಲ್ಲಿ, ಹಳೆಯ ಆಟದ ಫೋಟೊ ಎರಡು ಕಡೆ ಇಳಿದಿದೆ ಎಂದು ಕಣ್ಣಾರೆ ನೋಡಿದ ಮೇಲೆ. ಗದ್ದೆಯಲ್ಲಿ, ಕತ್ತಲಲ್ಲಿ, ಗಡಿಬಿಡಿಯಲ್ಲಿ ಯಾವತ್ತೂ ಬೇಡ.

ಮುಸ್ಸಂಜೆಗೇ ಹೋದರೆ ಚೌಕಿ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ, ನೋಡಬಹುದು. ಮೇಳದ ಮ್ಯಾನೇಜರರನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ. ಅಲ್ಲಿ ಗಣಪತಿಯನ್ನು ಇಟ್ಟಿರುತ್ತಾರೆ. ಸಣ್ಣ ಕನ್ನಡಿ ಹಿಡಿದು ತಮ್ಮ ಮುಖ ತಾವೇ ಬರೆದುಕೊಳ್ಳುವ ಕಲಾವಿದರ ಎದುರು ಕ್ಯಾಮೆರಾ ತೂರಿಸಬೇಡಿ. ಅವರ ಬೆಳಕಿಗೆ ಅಡ್ಡ ನಿಲ್ಲಲೂಬೇಡಿ. ಬಣ್ಣದ ವೇಷಕ್ಕೆ, ಅಂದರೆ ರಕ್ಕಸರ ವೇಷಕ್ಕೆ, ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಚುಟ್ಟಿ (ಬಿಳಿಯ ಉಬ್ಬು ಚುಕ್ಕಿ) ಇಡುವ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ. ಚುಕ್ಕಿ ಚುಕ್ಕಿಯಾಗಿ ಗೋಡೆ ಕಟ್ಟಿದ ಹಾಗೆ ಮುಖ ಬೆಳೆಯುತ್ತದೆ. ಒಂದೇ ಕಡೆ ಕೂತು ಹತ್ತು ನಿಮಿಷಕ್ಕೊಂದು ಫೋಟೊ ಹೊಡೆದರೆ ಅದೇ ಒಂದು ಕಥೆ. ಅವಸರದವರು ಬಂದು ಒಂದು ಸೆಲ್ಫಿ ಹೊಡೆದು ಹೋಗುತ್ತಾರೆ.

ಕೂರುವ ಜಾಗ

ರಂಗಸ್ಥಳದ ಬುಡಕ್ಕೇ ಹೋಗಿ ಕೂತರೆ ವೇಷದ ಕಾಲು ಕಾಣುವುದಿಲ್ಲ, ಕಿರೀಟ ಮೊಟಕಾಗುತ್ತದೆ. ಇಪ್ಪತ್ತು ಇಪ್ಪತ್ತೈದು ಅಡಿ ಹಿಂದೆ, ನಡುವಿನಿಂದ ಸ್ವಲ್ಪ ಬದಿಗೆ ಕೂತರೆ ಒಳ್ಳೆಯದು. ಎದುರಿನ ಮೈಕಿನ ಕಂಬ ಮುಖಕ್ಕೆ ಅಡ್ಡ ಬಂದರೆ ಅರ್ಧ ಮೀಟರ್ ಸರಿದರೆ ಸಾಕು. ಸರಿಯುವಾಗ ಹಿಂದೆ ಕುರ್ಚಿಯಲ್ಲಿ ಕೂತ ಅಜ್ಜನಿಗೆ ಆಟ ಕಾಣುತ್ತದಾ ಎಂದು ತಿರುಗಿ ನೋಡಿ. ಅವರು ಬಂದದ್ದು ನಿಮ್ಮ ಬೆನ್ನು ನೋಡಲಿಕ್ಕಲ್ಲ.

ಬೆಳಕಿನ ಲೆಕ್ಕ

ಫ್ಲ್ಯಾಶ್ ಬೇಡ. ನಾನೂ ಒಂದು ಕಾಲದಲ್ಲಿ ಹೊಡೆಯುತ್ತಿದ್ದೆ, ಬೇರೆ ದಾರಿ ಇರಲಿಲ್ಲ. ಒಂದು ದಿನ ಚೌಕಿಯಲ್ಲಿ ಒಬ್ಬ ಕಲಾವಿದರು ಗೆಜ್ಜೆ ಬಿಚ್ಚುತ್ತ ಹೇಳಿದರು: "ನಿಮ್ಮ ಲೈಟು ಹೊಡೆದ ಮೇಲೆ ನನಗೆ ಎರಡು ಗಳಿಗೆ ರಂಗಸ್ಥಳವೇ ಕಾಣುವುದಿಲ್ಲ ಮಾರಾಯ್ರೆ. ದಿಗಿಣದಲ್ಲಿರುವಾಗ ಕಾಲು ಎಲ್ಲಿ ಇಡುವುದು ಹೇಳಿ?" ಅವತ್ತಿಗೆ ಬಿಟ್ಟೆ. ಅದೂ ಅಲ್ಲದೆ ಫ್ಲ್ಯಾಶಿನ ಬೆಳಕು ಎದುರಿನಿಂದ ಬಡಿದು ಮುಖವರ್ಣಿಕೆಯನ್ನು ಚಪ್ಪಟೆ ಮಾಡುತ್ತದೆ. ರಾತ್ರಿಯ ಆಟ ಮದುವೆ ಹಾಲಿನ ಹಾಗೆ ಕಾಣುತ್ತದೆ.

ಫ್ಲ್ಯಾಶ್ ಬಿಟ್ಟರೆ ಆಗ ಉಳಿದದ್ದು ಪುಶ್ ಮಾಡುವುದು. 400ರ ಫಿಲ್ಮು ಹಾಕಿ, ಮೀಟರಿಗೆ ಅದು 1600 ಎಂದು ಸುಳ್ಳು ಹೇಳಿ, ಆಮೇಲೆ ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಡುವುದು. ಪ್ರಿಂಟು ಹಾಕಿದರೆ ಇಡ್ಲಿರವೆ ಚೆಲ್ಲಿದ ಹಾಗೆ ಕಾಳು. ಒಮ್ಮೆ 1600 ಎಂದು ಶುರು ಮಾಡಿದರೆ ಇಡೀ ರೋಲು 1600. ಬೆಳಕು ಹೆಚ್ಚಿದರೂ ಅದೇ, ಕಡಿಮೆಯಾದರೂ ಅದೇ. ಈಗ ಒಂದೊಂದು ಫೋಟೊಕ್ಕೆ ಒಂದೊಂದು ಐಎಸ್‌ಒ ಇಡಬಹುದು. ಡಿಜಿಟಲ್ ಕೊಟ್ಟದ್ದರಲ್ಲಿ ಆಟದವನಿಗೆ ಅತಿ ದೊಡ್ಡ ವರ ಇದೇ. ಮೆಗಾಪಿಕ್ಸೆಲ್ ಎಲ್ಲ ಆಮೇಲೆ.

ಲೆನ್ಸಿನ ವಿಷಯಕ್ಕೆ ಬರೋಣ. ಕ್ಯಾಮೆರಾದ ಜೊತೆ ಬಂದ ಕಿಟ್ ಲೆನ್ಸನ್ನು ಜೂಮ್ ಮಾಡಿದರೆ ಅದು ಎಫ್ 5.6ಕ್ಕೆ ಇಳಿಯುತ್ತದೆ. ಕಡಿಮೆ ಬೆಲೆಯ 50 ಎಂಎಂ ಎಫ್ 1.8 ಲೆನ್ಸು ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹೊಸ ಕ್ಯಾಮೆರಾಕ್ಕೆ ದುಡ್ಡು ಕೂಡಿಸುವ ಮೊದಲು ಇದೊಂದನ್ನು ತೆಗೆದುಕೊಳ್ಳಿ. 70-200 ಎಫ್ 2.8 ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಅದರ ಬೆಲೆಗೆ ಒಂದು ಹಳೆಯ ಸ್ಕೂಟರ್ ಬಂದೀತು.

ಕ್ಯಾಮೆರಾವನ್ನು ಮ್ಯಾನ್ಯುವಲ್ಲಿಗೆ ಹಾಕಿ. ಆಟೊದಲ್ಲಿ ಬಿಟ್ಟರೆ ಅದು ವೇಷದ ಹಿಂದಿನ ಕತ್ತಲನ್ನು ನೋಡಿ, ಪಾಪ ಬೆಳಕು ಸಾಲದು ಎಂದುಕೊಂಡು ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ. ಸುಣ್ಣ ಬಳಿದ ಮುಖ ಬರುವುದು ಹೀಗೆ. ರಂಗಸ್ಥಳದ ದೀಪ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಒಮ್ಮೆ ಲೆಕ್ಕ ಹಾಕಿಟ್ಟರೆ ಗಂಟೆಗಟ್ಟಲೆ ಮುಟ್ಟಬೇಕಾಗಿಲ್ಲ. ನಾನು ಶುರು ಮಾಡುವುದು ಎಫ್ 2.8, 1/250, ಐಎಸ್‌ಒ 2000ದಿಂದ. ಪೂರ್ವರಂಗದಲ್ಲಿ ಐದಾರು ಹೊಡೆದು ನೋಡಿ ಅಲ್ಲಿಂದ ಏರಿಸುತ್ತೇನೆ ಅಥವಾ ಇಳಿಸುತ್ತೇನೆ.

ಶಟರ್ ವೇಗ ಕುಣಿತಕ್ಕೆ ತಕ್ಕ ಹಾಗೆ ಇರಬೇಕು. ಮಾತುಗಾರಿಕೆ ನಡೆಯುವಾಗ 1/160 ಸಾಕು. ಆ ಹೊತ್ತಿಗೆ ಐಎಸ್‌ಒ ಇಳಿಸಿ ಚೊಕ್ಕ ಫೋಟೊ ತೆಗೆಯಿರಿ. ಸಾಮಾನ್ಯ ಕುಣಿತಕ್ಕೆ 1/320. ತೆಂಕಿನ ದಿಗಿಣ ಗಾಳಿಯಲ್ಲಿ ನಿಲ್ಲಬೇಕಾದರೆ 1/640 ಬೇಕು, ಅದಕ್ಕೆ ಐಎಸ್‌ಒ 5000 ಆದರೂ ಹೆದರಬೇಡಿ. ಬಡಗಿನವರು (ಉತ್ತರದ ಶೈಲಿಯವರು) ಮಂಡಿ ಹಾಕುವಾಗ, ಅಂದರೆ ಮೊಣಕಾಲ ಮೇಲೆ ಗಿರಗಿರ ತಿರುಗುವಾಗ, ನನಗೆ ಇಷ್ಟ ಇದರ ಉಲ್ಟಾ: 1/20ಕ್ಕೆ ಇಳಿಸಿ, ಕೈ ಗಟ್ಟಿ ಹಿಡಿದು ಹೊಡೆಯುತ್ತೇನೆ. ಮುಖ ಹಾಗೂ ಹೀಗೂ ನಿಲ್ಲುತ್ತದೆ, ಬಟ್ಟೆ ಬುಗುರಿಯಾಗುತ್ತದೆ. ಇಪ್ಪತ್ತರಲ್ಲಿ ಹತ್ತೊಂಬತ್ತು ಹಾಳು. ರೋಲಿನ ಕಾಲದಲ್ಲಿ ಈ ಹುಚ್ಚಾಟಕ್ಕೆ ಇಳಿಯುವ ಧೈರ್ಯ ನನಗಿರಲಿಲ್ಲ.

ಹಳಬರು ಒಂದು ಅಭ್ಯಾಸ ಬಿಡಬೇಕು. ನೆಗೆಟಿವ್ ಫಿಲ್ಮಿಗೆ ಬೆಳಕು ತುಸು ಹೆಚ್ಚಾದರೆ ತಡೆದುಕೊಳ್ಳುತ್ತಿತ್ತು, ಕಡಿಮೆಯಾದರೆ ಮುಗಿಯಿತು. ಹಾಗಾಗಿ ನಾವೆಲ್ಲ ಕೈ ಎತ್ತಿ ಬೆಳಕು ಕೊಡುತ್ತಿದ್ದೆವು. ಡಿಜಿಟಲ್ ಇದಕ್ಕೆ ತಿರುಗಾಮುರುಗಾ. ಕಡಿಮೆಯಾದದ್ದನ್ನು ಕಂಪ್ಯೂಟರಿನಲ್ಲಿ ಎಳೆದು ಮೇಲೆ ತರಬಹುದು. ಹೆಚ್ಚಾಗಿ ಬೆಳ್ಳಗೆ ಸುಟ್ಟುಹೋದ ಜಾಗದಲ್ಲಿ ಎಳೆಯಲಿಕ್ಕೆ ಏನೂ ಇರುವುದಿಲ್ಲ. ಚುಟ್ಟಿಯ ಬಿಳಿಯಲ್ಲಿ ಚುಕ್ಕಿ ಚುಕ್ಕಿ ಕಾಣಬೇಕು, ಅದೇ ನನ್ನ ಅಳತೆ. ಅದು ಕಾಣದಿದ್ದರೆ ಬೆಳಕು ಇಳಿಸಿ.

ಕೆಂಪಿಗೆ ಬೇರೆಯೇ ಜಾಗ್ರತೆ. ದೇವಿಯ ಕೆಂಪು ಸೀರೆಗೆ ಸ್ಟೇಜಿನ ಬಣ್ಣದ ದೀಪ ಬಿದ್ದರೆ, ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟೆಂದು ತೋರಿಸುವ ಗ್ರಾಫ್) ಎಲ್ಲ ಸರಿ ಎನ್ನುತ್ತದೆ; ಒಳಗೆ ಕೆಂಪು ಒಂದೇ ತುಂಬಿ ಚೆಲ್ಲಿರುತ್ತದೆ. ಮೂರು ಬಣ್ಣದ್ದನ್ನು ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಆನ್ ಮಾಡಿ, ಕೆಂಪಿನ ಗುಡ್ಡೆ ಬಲಗಡೆಯ ಗೋಡೆಗೆ ತಾಗಿದರೆ ಅರ್ಧ ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಸೀರೆಯ ಮಡಿಕೆ ವಾಪಸು ಬರುತ್ತದೆ.

ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಾನು ತಿದ್ದದೆ ಇಡುವ ಹಸಿ ಫೈಲಿನಲ್ಲಿ, ಹೊಡೆಯಿರಿ ಎಂದು ಹೇಳುವುದೂ ಇದಕ್ಕೇ. 14 ಬಿಟ್ ರಾ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 16,384 ಮೆಟ್ಟಿಲು, ಜೆಪೆಗ್‌ನಲ್ಲಿ 256. ಎಳೆದಾಡಲಿಕ್ಕೆ ಮೆಟ್ಟಿಲು ಬೇಕು. ದೀಪದ ಬಣ್ಣಕ್ಕೆ ತಕ್ಕ ಹಾಗೆ ಬಿಳಿಯನ್ನು ಬಿಳಿಯಾಗಿಸುವ ವೈಟ್ ಬ್ಯಾಲೆನ್ಸನ್ನೂ ಆಟೊದಲ್ಲಿ ಬಿಡದೆ 4000 ಕೆಲ್ವಿನ್ನಿಗೋ ಎಷ್ಟಕ್ಕೋ ಒಂದು ಕಡೆ ಕಟ್ಟಿಹಾಕಿ. ತಪ್ಪಿದ್ದರೂ ಎಲ್ಲ ಫೋಟೊಗಳೂ ಒಂದೇ ತರ ತಪ್ಪಿರುತ್ತವೆ, ಒಟ್ಟಿಗೇ ಸರಿ ಮಾಡಬಹುದು.

ಈಗಿನ ದೊಡ್ಡ ಪಿರಿಪಿರಿ ಎಲ್‌ಇಡಿ. ಅಪ್ಪನ ಕಾಲದ ಗ್ಯಾಸ್‌ಲೈಟು, ನಾನು ಕಂಡ ಹ್ಯಾಲೊಜನ್, ಇವು ಕಣ್ಣಿಗೆ ಹೇಗೋ ಫಿಲ್ಮಿಗೂ ಹೆಚ್ಚುಕಡಿಮೆ ಹಾಗೇ. ಎಲ್‌ಇಡಿ ಹಾಗಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಟುಕುತ್ತದೆ. ಶಟರ್ 1/100ಕ್ಕಿಂತ ವೇಗವಾದರೆ ಒಂದು ಫೋಟೊ ಬೆಳಕು, ಮುಂದಿನದ್ದು ಕಪ್ಪು, ಇನ್ನೊಂದರಲ್ಲಿ ಅಡ್ಡಡ್ಡ ಪಟ್ಟೆ. ಶಬ್ದ ಬಾರದ ಎಲೆಕ್ಟ್ರಾನಿಕ್ ಶಟರಿನಲ್ಲಿ ಈ ಪಟ್ಟೆ ಜೋರು. ಚೆಂಡೆಯ ಎದುರು ಕ್ಯಾಮೆರಾದ ಟಕ್ ಯಾರಿಗೆ ಕೇಳುತ್ತದೆ, ಮೆಕ್ಯಾನಿಕಲ್ ಶಟರೇ ಇರಲಿ. ಫ್ಲಿಕರ್ ತಪ್ಪಿಸುವ ಆಯ್ಕೆ ಮೆನುವಿನಲ್ಲಿದ್ದರೆ ಆನ್ ಮಾಡಿ. ಆದರೂ ಪಟ್ಟೆ ಬಂದರೆ ಮಾತಿನ ದೃಶ್ಯಗಳಿಗೆ 1/100ಕ್ಕೆ ಇಳಿಯಿರಿ. ಕೆಲವು ಅಗ್ಗದ ದೀಪಗಳು ಅವುಗಳದ್ದೇ ತಾಳದಲ್ಲಿ ಮಿಟುಕುತ್ತವೆ, ಅವಕ್ಕೆ ಯಾವ ಔಷಧವೂ ಇಲ್ಲ; ಒಂದರ ಬದಲು ನಾಲ್ಕು ಹೊಡೆದು ಇಟ್ಟುಕೊಳ್ಳುವುದು.

ಫೋಕಸಿನ ಬಗ್ಗೆ ಒಂದು ತಮಾಷೆ. ಕಣ್ಣನ್ನೇ ಹುಡುಕಿ ಹಿಡಿಯುವ ಹೊಸ ಕ್ಯಾಮೆರಾ ಈಗ ನನ್ನಲ್ಲುಂಟು. ಸ್ತ್ರೀವೇಷಕ್ಕೆ, ರಾಜವೇಷಕ್ಕೆ ಸಮಾ ಹಿಡಿಯುತ್ತದೆ. ಬಣ್ಣದ ವೇಷ ಬಂತೋ, ಕಕ್ಕಾಬಿಕ್ಕಿ. ಮುಖದ ತುಂಬ ಚುಟ್ಟಿ, ಇದು ಮುಖವೇ ಅಲ್ಲ ಎಂದು ತೀರ್ಮಾನಿಸಿ ಹಿಂದೆ ಕೂತ ಭಾಗವತರ ಕಣ್ಣಿಗೆ ಹೋಗಿ ಅಂಟಿಕೊಳ್ಳುತ್ತದೆ. ಭಾಗವತರ ಒಳ್ಳೊಳ್ಳೆಯ ಫೋಟೊ ನನ್ನ ಹತ್ತಿರ ಬೇಕಾದಷ್ಟು ಉಂಟು, ಒಂದೂ ನಾನು ಬೇಕೆಂದು ತೆಗೆದದ್ದಲ್ಲ. ರಕ್ಕಸ ಬರುವ ಮೊದಲು ಆ ಜಾಣತನ ಬಂದ್ ಮಾಡಿ, ಒಂದೇ ಚುಕ್ಕಿಯ ಫೋಕಸಿಗೆ ಬನ್ನಿ.

ರಾಳ ಹಾರುವಾಗ

ಮಹಿಷಾಸುರ ಜನರ ಮಧ್ಯದಿಂದ ಬರುವ ದೃಶ್ಯವನ್ನು ಬೇರೆಯೇ ಹೇಳಬೇಕು. ಸುತ್ತ ದೊಂದಿ ಹಿಡಿದವರು, ಅದಕ್ಕೆ ರಾಳದ ಪುಡಿ ಎಸೆಯುತ್ತಾರೆ. ಭಗ್ ಎಂದು ಎದ್ದ ಬೆಂಕಿ ಒಂದು ಸೆಕೆಂಡು ಇರುವುದಿಲ್ಲ. ರಂಗಸ್ಥಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಂಕಿ ಏಳುವ ಮೊದಲಿನ ಕತ್ತಲಿಗೆ ಸೆಟ್ಟಿಂಗ್ ಇಟ್ಟರೆ ಫೋಟೊದಲ್ಲಿ ಒಂದು ಬಿಳಿ ಉಂಡೆ ಮಾತ್ರ ಬರುತ್ತದೆ. ಕತ್ತಲು ಕತ್ತಲಾಗಿಯೇ ಇರಲಿ. ರಂಗಸ್ಥಳಕ್ಕೆ ಇಟ್ಟದ್ದಕ್ಕಿಂತ ಎರಡು ಸ್ಟಾಪ್ ಇಳಿಸಿ: 2000 ಇದ್ದ ಐಎಸ್‌ಒ 500. ಬೆಂಕಿ ಎದ್ದಾಗ ಅದೇ ಅವನ ಮುಖಕ್ಕೆ ದೀಪ.

ಅವನು ನಡೆದುಬರುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಅದರ ಬದಿಯಲ್ಲಿ ಒಂದು ಜಾಗ ಹಿಡಿದು, ಅವನು ಎಲ್ಲಿಗೆ ಬಂದಾಗ ಹೊಡೆಯುವುದು ಎಂದು ತೀರ್ಮಾನಿಸಿ, ಅಷ್ಟು ದೂರಕ್ಕೆ ಫೋಕಸ್ ಕಟ್ಟಿ ಇಟ್ಟುಬಿಡಿ. ಸೆಕೆಂಡಿಗೆ ಎಂಟೋ ಹತ್ತೋ ಹೊಡೆಯುವ ಬರ್ಸ್ಟ್ ಇಡಿ. ನೋಡಬೇಕಾದದ್ದು ಮಹಿಷನನ್ನಲ್ಲ, ರಾಳ ಎಸೆಯುವವನ ಕೈಯನ್ನು. ಕೈ ಹಿಂದಕ್ಕೆ ಹೋಯಿತೋ, ಗುಂಡಿ ಒತ್ತಿ. ಅವನು ಎಸೆದ ಮೇಲೆ ಒತ್ತಿದರೆ ತಡವಾಯಿತು. ಈ ಪಾಠ ರೋಲಿನ ಕಾಲದ್ದೇ. ಆಗ ಹೆಬ್ಬೆರಳಲ್ಲಿ ಲಿವರ್ ಎಳೆದು ಮುಂದಿನದಕ್ಕೆ ತಯಾರಾಗುವಷ್ಟರಲ್ಲಿ ಬೆಂಕಿ ಆರಿರುತ್ತಿತ್ತು, ಇದ್ದದ್ದು ಒಂದೇ ಅವಕಾಶ. ಮುಂದೆ ಹೋಗಿ ದಾರಿಗೆ ಅಡ್ಡ ನಿಲ್ಲುವವರನ್ನು ಈಗೀಗ ಹೆಚ್ಚು ನೋಡುತ್ತಿದ್ದೇನೆ. ಆ ಭಾರದ ಕಿರೀಟ ಹೊತ್ತವನಿಗೆ ಎದುರಿನ ಮೊಬೈಲುಗಳನ್ನು ತಪ್ಪಿಸಿಕೊಂಡು ನಡೆಯುವುದು ಎಷ್ಟು ಕಷ್ಟ ಎಂದು ಒಮ್ಮೆ ಯೋಚಿಸಿ.

ಮೊಬೈಲಿನವರಿಗೆ

ಚೌಕಿಗೆ ಮೊಬೈಲು ಒಳ್ಳೆಯದು, ಕೆಲವೊಮ್ಮೆ ಕ್ಯಾಮೆರಾಕ್ಕಿಂತ ಒಳ್ಳೆಯದು. ಕುಣಿತಕ್ಕೆ ನೈಟ್ ಮೋಡ್ ಬೇಡ. ಅದು ಹಲವು ಫೋಟೊ ಹೊಡೆದು ಒಂದರ ಮೇಲೊಂದು ಕೂರಿಸುತ್ತದೆ, ಅಷ್ಟರಲ್ಲಿ ವೇಷ ಓಡಿಹೋಗಿ ನಾಲ್ಕು ಕೈಯ ಭೂತವಾಗುತ್ತದೆ. ವೇಷದ ಮುಖದ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗೆರೆಯನ್ನು ತುಸು ಕೆಳಗೆ ಎಳೆದು ಹೊಡೆಯಿರಿ. ಬೆರಳಿನಿಂದ ಜೂಮ್ ಮಾಡುವುದಕ್ಕಿಂತ ಎದ್ದು ಹತ್ತಿರ ಹೋಗಿ ಕೂರುವುದು ಮೇಲು.

ಮರುದಿನ

ಒಂದು ಆಟಕ್ಕೆ ನಾನೀಗ ಸುಮಾರು 1,200 ಹೊಡೆಯುತ್ತೇನೆ. ರಾ ಫೈಲು ಒಂದಕ್ಕೆ 30 ಎಂಬಿ ಎಂದಿಟ್ಟರೂ 36 ಜಿಬಿ. ಹೊಡೆಯುವ ಮೊದಲು ಮಾಡುತ್ತಿದ್ದ ಲೆಕ್ಕವನ್ನು ಈಗ ಹೊಡೆದಾದ ಮೇಲೆ ಮಾಡಬೇಕು, ಮತ್ತು ಇದು ಆ ಲೆಕ್ಕಕ್ಕಿಂತ ಬೇಸರದ್ದು. ಇದನ್ನು ಮಾಡದೆ ಬಿಟ್ಟವರ ಹಾರ್ಡ್ ಡಿಸ್ಕುಗಳು ಎಷ್ಟೋ ಮನೆಗಳಲ್ಲಿ ಧೂಳು ತಿನ್ನುತ್ತಿವೆ.

ಮೊದಲು ಎರಡು ಕಡೆ ಇಳಿಸಿ. ಆಮೇಲೆ ಮಲಗಿ. ನಿದ್ದೆಗೆಟ್ಟ ಕಣ್ಣಿಗೆ ಎಲ್ಲವೂ ಚೆಂದ ಕಾಣುತ್ತದೆ. ಎದ್ದು ಸ್ನಾನ ಮುಗಿಸಿ ಕೂತು, ಮೊದಲ ಸುತ್ತಿನಲ್ಲಿ ಹಾಳಾದದ್ದನ್ನು ಮಾತ್ರ ತೆಗೆಯಿರಿ: ಕಣ್ಣು ಮುಚ್ಚಿದ್ದು, ಫೋಕಸ್ ತಪ್ಪಿದ್ದು, ಪಟ್ಟೆ ಬಿದ್ದದ್ದು. ಎರಡನೇ ಸುತ್ತಿಗೆ ಹಳೆಯ ಕಾಂಟ್ಯಾಕ್ಟ್ ಶೀಟಿನ ಪದ್ಧತಿ ನನಗೆ ಇಷ್ಟ. ಆಗ 36 ನೆಗೆಟಿವನ್ನೂ ಒಂದೇ ಕಾಗದದ ಮೇಲಿಟ್ಟು ಸಣ್ಣಸಣ್ಣದಾಗಿ ಪ್ರಿಂಟು ಹಾಕಿ, ಬೇಕಾದ್ದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆವು. ಕಂಪ್ಯೂಟರಿನಲ್ಲೂ ಹಾಗೇ ಚಿತ್ರಗಳನ್ನು ಬೆಂಕಿಪೊಟ್ಟಣದಷ್ಟು ಸಣ್ಣದು ಮಾಡಿ ನೋಡಿ. ಅಷ್ಟು ಸಣ್ಣದರಲ್ಲೂ ಕಣ್ಣು ಹಿಡಿದು ನಿಲ್ಲಿಸಿದ್ದು ಯಾವುದೋ ಅದು ಒಳ್ಳೆಯ ಫೋಟೊ. 1,200ರಲ್ಲಿ ನನಗೆ ಉಳಿಯುವುದು ಮೂವತ್ತು, ನಲವತ್ತು. ಅಂದರೆ ಒಂದು ರೋಲು!

ಬಣ್ಣ ತಿದ್ದುವಾಗ ಒಂದು ಎಚ್ಚರ. ತಂತ್ರಾಂಶಕ್ಕೆ ಮನುಷ್ಯರ ಚರ್ಮದ ಬಣ್ಣ ಗೊತ್ತು, ವೇಷದ ಮುಖಕ್ಕೆ ಹಚ್ಚುವ ಅರದಾಳದ ಹಳದಿ ಗೊತ್ತಿಲ್ಲ. ಆಟೊ ಒತ್ತಿದರೆ ವೇಷದ ಮುಖವನ್ನು ಮದುಮಗಳ ಮುಖ ಮಾಡಿಬಿಡುತ್ತದೆ. ಕಾಳು ತೆಗೆಯುವ ಎಐ ಸಲಕರಣೆಗಳೂ ಹಾಗೆಯೇ. ಪೂರಾ ಎಳೆದರೆ ಜರಿಯ ನೂಲು, ಗಡ್ಡದ ಎಳೆ ಎಲ್ಲ ಮೇಣವಾಗುತ್ತದೆ. ಅರ್ಧಕ್ಕೆ ನಿಲ್ಲಿಸಿ, ಸ್ವಲ್ಪ ಕಾಳು ಇರಲಿ.

ಅಕ್ಕನ ಮಗ ಮೊನ್ನೆ ಪಕ್ಕದಲ್ಲಿ ಕೂತು ನೋಡುತ್ತಿದ್ದವ ಕೇಳಿದ, "ಮಾಮ, ಈ ಮೈಕ್ ಒಂದು ತೆಗೆದುಬಿಡಲಾ? ಎರಡು ಸೆಕೆಂಡಿನ ಕೆಲಸ."

"ಬೇಡ. ಮೈಕ್ ಅಲ್ಲಿ ಇತ್ತಲ್ಲ."

"ಇತ್ತು. ಆದ್ರೆ ಚೆಂದ ಇಲ್ಲ."

"ಚೆಂದ ಬೇಕಿದ್ದರೆ ಮುಂದಿನ ಆಟಕ್ಕೆ ಅರ್ಧ ಮೀಟರ್ ಸರಿದು ಕೂರುವ."

ಅವನಿಗೆ ಒಪ್ಪಿಗೆಯಾಗಲಿಲ್ಲ. ಅವನ ಮೊಬೈಲಿನಲ್ಲಿ ಆ ಫೋಟೊ ಮೈಕ್ ಇಲ್ಲದೆ ಉಂಟು, ನನ್ನ ಡಿಸ್ಕಿನಲ್ಲಿ ಮೈಕ್ ಸಮೇತ ಉಂಟು.

ಉಳಿಸಿದ ಪ್ರತಿ ಫೋಟೊಕ್ಕೆ ಊರು, ಮೇಳ, ಪ್ರಸಂಗ, ಪಾತ್ರ, ಕಲಾವಿದರ ಹೆಸರು ಬರೆಯಿರಿ. ದಿನಾಂಕ ಕ್ಯಾಮೆರಾ ಬರೆಯುತ್ತದೆ, ಹೆಸರು ಬರೆಯುವುದಿಲ್ಲ. ಪ್ರಿಂಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿದ್ದರಿಂದಲೇ ನನ್ನ ಹಳೆಯ ಫೋಟೊಗಳಿಗೆ ಇವತ್ತು ಬೆಲೆ. ಕಲಾವಿದರಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಸಿಪ್ಪೆ ಮಾಡಿ ಮುಟ್ಟಿಸುತ್ತದೆ. ಮೊದಲೆಲ್ಲ ಪ್ರಿಂಟು ತಯಾರಾಗುವಾಗ ಹದಿನೈದು ದಿನ. ಅಷ್ಟರಲ್ಲಿ ಮೇಳ ಹದಿನೈದು ಊರು ದಾಟಿರುತ್ತಿತ್ತು. ತಿರುಗಾಟದ ಪಟ್ಟಿ ನೋಡಿ, ಹತ್ತಿರ ಎಲ್ಲಿಗೆ ಬರುತ್ತಾರೋ ಅಲ್ಲಿಗೆ ಕವರು ಹಿಡಿದು ಹೋಗುತ್ತಿದ್ದೆ. ಈಗಲೂ ವರ್ಷಕ್ಕೆ ಹತ್ತಿಪ್ಪತ್ತು ಪ್ರಿಂಟು ಹಾಕಿಸಿ ಚೌಕಿಗೇ ಹೋಗಿ ಕೊಡುತ್ತೇನೆ. ಬಣ್ಣ ಮೆತ್ತಿದ ಬೆರಳು ತಾಗದ ಹಾಗೆ ಎರಡು ಅಂಗೈ ನಡುವೆ ಹಿಡಿದು ನೋಡುತ್ತಾರೆ.

ಪತ್ತನಾಜೆಯ ನಂತರ

ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸು, ಪತ್ತನಾಜೆಗೆ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಹಿಂದೆಯೇ ಮಳೆ. ಕ್ಯಾಮೆರಾಕ್ಕೆ ಆಟಕ್ಕಿಂತ ಕಠಿಣ ಕಾಲ ಇದು. ಎರಡು ವಾರ ಚೀಲದೊಳಗೆ ಮರೆತರೆ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಸ್ಟು. ಚರ್ಮದ ಚೀಲ ಬೇಡವೇ ಬೇಡ, ಅದು ಪಸೆ ಕುಡಿದು ಇಟ್ಟುಕೊಳ್ಳುತ್ತದೆ. ದುಡ್ಡಿದ್ದವರು ಕರೆಂಟಿನ ಡ್ರೈ ಕ್ಯಾಬಿನೆಟ್ ತಂದು 45 ಶೇಕಡಾ ತೇವಕ್ಕೆ ಇಟ್ಟು ನೆಮ್ಮದಿಯಿಂದ ಇರಲಿ. ನನ್ನದು ಗಾಳಿಯಾಡದ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಬಟ್ಟೆಚೀಲದಲ್ಲಿ ಸಿಲಿಕಾ ಜೆಲ್. ಅಕ್ಕಿಯೊಳಗೆ ಹೂತಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಲೆನ್ಸಿನ ಸಂದಿಗೆಲ್ಲ ಅಕ್ಕಿಯ ಧೂಳು ಹೋಗುತ್ತದೆ. ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೊ ಹೊಡೆಯಿರಿ. ಅಂಗಳದ ಮಳೆಯಾದರೂ ಆದೀತು.

ಹಾರ್ಡ್ ಡಿಸ್ಕುಗಳನ್ನೂ ಅದೇ ಡಬ್ಬದಲ್ಲಿ ಇಡುತ್ತೇನೆ. ಎರಡನೇ ಪ್ರತಿ ಕುಂದಾಪುರದ ಅಕ್ಕನ ಮನೆಯಲ್ಲಿ. ಇದನ್ನು ಕಲಿಸಿದ್ದು ಒಂದು ಸಿಡಿ. 2005ರ ಆ ಮೊದಲ ಡಿಜಿಟಲ್ ಆಟವನ್ನು ಸಿಡಿಗೆ ಹಾಕಿ, ಮೇಲೆ ಚೆಂದದ ಅಕ್ಷರದಲ್ಲಿ ಹೆಸರು ಬರೆದು ಇಟ್ಟಿದ್ದೆ. ಬೇರೆ ಪ್ರತಿ ಇಲ್ಲ. ಈಗ ಯಾವ ಡ್ರೈವಿಗೆ ಹಾಕಿದರೂ ಗರ್‍ರ್ ಎಂದು ತಿರುಗಿ ಸುಮ್ಮನಾಗುತ್ತದೆ. 1987ರ ನೆಗೆಟಿವುಗಳಿಗೂ ಬೂಸ್ಟು ಹಿಡಿದಿದೆ, ಆದರೆ ಟ್ಯೂಬ್‌ಲೈಟಿಗೆ ಹಿಡಿದರೆ ವೇಷ ಕಾಣುತ್ತದೆ. ಹಾಗಾಗಿ ನಾಲ್ಕೈದು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸ ಡಿಸ್ಕಿಗೆ ದಾಟಿಸಿ, ಹತ್ತಿಪ್ಪತ್ತು ಫೈಲು ತೆರೆದು ನೋಡಿ.

ಸಿಲಿಕಾ ಜೆಲ್ಲಿನ ನೀಲಿ ಹರಳು ಪಸೆ ಕುಡಿದಾಗ ಗುಲಾಬಿಯಾಗುತ್ತದೆ. ಜುಲೈಯಲ್ಲಿ ನಮ್ಮಲ್ಲಿ ಹತ್ತು ದಿನಕ್ಕೇ ಆಗುತ್ತದೆ. ಬಿಸಾಡಬೇಡಿ. ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿಯುತ್ತ ಹೋದರೆ ಮತ್ತೆ ನೀಲಿಗೆ ಬರುತ್ತದೆ. ಪೂರ್ತಿ ಆರಿದ ಮೇಲೆ ಚೀಲಕ್ಕೆ ತುಂಬಿ. ಆ ಹರಳಿನ ಬಣ್ಣ ಹೊಟ್ಟೆಗೆ ಹೋಗಬಾರದ್ದು, ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸುವ ಹಾಗಿಲ್ಲ. ಮೊದಲ ಸಲ ನಾನು ಕೇಳದೆ ತೆಗೆದದ್ದು ನೀರುದೋಸೆಯ ಬಾಣಲೆ. ಅದಕ್ಕೀಗ ನಮ್ಮ ಮನೆಯಲ್ಲಿ ಕ್ಯಾಮೆರಾದ ಬಾಣಲೆ ಎಂದೇ ಹೆಸರು, ಜಾಗ ಅಟ್ಟದಲ್ಲಿ.